ಆಯತ, ಚೌಕ, ಪ್ಲಾಟು, ಪರಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಮನೆಗಳ ನಕ್ಷೆ ಬರೆಯುವುದು ನನ್ನ ಕೆಲಸ. ಮೇಜಿನ ಆಚೆ ಕುಳಿತವರು ಕೇಳುವ ಪ್ರಶ್ನೆಗಳಲ್ಲಿ ಅರ್ಧ ಸಿಮೆಂಟು, ಕಬ್ಬಿಣದ್ದು. ಉಳಿದರ್ಧ ನಾಲ್ಕು ಮೂಲೆಗಳದ್ದು. ಪ್ಲಾಟು ಕೊಳ್ಳುವವರು, ಗೌಂಡಿಗಳು, ಫ್ಲೆಕ್ಸ್ ಅಂಗಡಿಯ ಹುಡುಗರು, ಮಗನ ಗಣಿತದ ಪುಸ್ತಕ ಹಿಡಿದು ಬರುವ ಪಕ್ಕದ ಮನೆಯ ಅಕ್ಕ, ಎಲ್ಲರೂ ಸುತ್ತಿ ಬಳಸಿ ಒಂದೇ ಆಕೃತಿಯ ಬಗ್ಗೆ ಕೇಳುತ್ತಾರೆ. ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಆಯತ ಎಂದರೆ ಏನು? ಎದುರುಬದುರು ಬದಿಗಳು ಸಮವಾಗಿದ್ದರೆ ಸಾಲದೇ?

ಸಾಲದು. ನಾಲ್ಕು ಮೂಲೆಗಳೂ ಲಂಬಕೋನವಾಗಿರುವ ಚತುರ್ಭುಜವೇ ಆಯತ. ಈ ವ್ಯಾಖ್ಯೆಯಲ್ಲಿ ಬದಿಗಳ ಮಾತೇ ಇಲ್ಲ. ಮೂಲೆಗಳು ಸರಿ ಇದ್ದರೆ ಎದುರುಬದುರು ಬದಿಗಳು ತಾವಾಗಿಯೇ ಸಮವಾಗುತ್ತವೆ. ಆದರೆ ಬದಿಗಳು ಸಮವಾದ ಮಾತ್ರಕ್ಕೆ ಮೂಲೆಗಳು ಸರಿ ಇರಬೇಕಾಗಿಲ್ಲ.

ನಂಬಿಕೆ ಬರದಿದ್ದರೆ ಮನೆಯ ಹಳೆಯ ಹೊರಸನ್ನು ನೋಡಿ. ಕೀಲು ಸಡಿಲವಾದ ಹೊರಸಿನ ಒಂದು ಮೂಲೆಯನ್ನು ಕಾಲಿನಿಂದ ಒತ್ತಿದರೆ ಇಡೀ ಚೌಕಟ್ಟು ಒಂದು ಕಡೆಗೆ ವಾಲುತ್ತದೆ. ನಾಲ್ಕು ಪಟ್ಟಿಗಳ ಉದ್ದ ಒಂದು ನೂಲಿನಷ್ಟೂ ಬದಲಾಗಿಲ್ಲ. ಎದುರುಬದುರು ಪಟ್ಟಿಗಳು ಈಗಲೂ ಸಮ. ಆದರೂ ಅದು ಆಯತವಾಗಿ ಉಳಿದಿಲ್ಲ, ಸಮಾಂತರ ಚತುರ್ಭುಜವಾಗಿದೆ. ಮಲಗುವ ಜಾಗವೂ ಕಡಿಮೆಯಾಗಿದೆ. ತಗಡಿನ ಬಾಗಿಲುಗಳಿಗೆ ಮೂಲೆಯಿಂದ ಮೂಲೆಗೆ ಒಂದು ಓರೆ ಪಟ್ಟಿ ಹೊಡೆಯುವುದು ಇದಕ್ಕಾಗಿಯೇ. ಆ ಪಟ್ಟಿ ಬಾಗಿಲನ್ನು ಎರಡು ತ್ರಿಕೋನಗಳಾಗಿ ಒಡೆಯುತ್ತದೆ, ಮತ್ತು ಬದಿಗಳ ಉದ್ದ ಬದಲಾಗದೆ ತ್ರಿಕೋನ ವಾಲುವುದಿಲ್ಲ.

ಹಾಗಾದರೆ ಚೌಕವೂ ಆಯತವೇ?

ಹೌದು. ಚೌಕದ ನಾಲ್ಕು ಮೂಲೆಗಳೂ ಲಂಬಕೋನವೇ ಆದ್ದರಿಂದ ಅದು ಆಯತಗಳ ಮನೆತನದ್ದೇ. ನಾಲ್ಕು ಬದಿಗಳೂ ಸಮ ಎಂಬುದು ಅದರ ಹೆಚ್ಚಿನ ಗುಣ. ಈ ಉತ್ತರ ಬರೆದು ಅಂಕ ಕಳೆದುಕೊಂಡೆ ಎಂದು ಒಬ್ಬ ಹುಡುಗ ನನ್ನ ಬಳಿ ಅತ್ತಿದ್ದಾನೆ. ಉತ್ತರ ಸರಿಯೇ ಇತ್ತು. ಆದರೆ ಹಳಬರು ಎರಡನ್ನೂ ಬೇರೆ ಮಾಡಿಯೇ ಹೇಳುತ್ತಿದ್ದರು ಎಂಬುದೂ ನಿಜ. ಯೂಕ್ಲಿಡ್ ತನ್ನ ವ್ಯಾಖ್ಯೆಗಳಲ್ಲಿ ಚೌಕಕ್ಕೆ ಒಂದು ಹೆಸರು, ಚೌಕವಲ್ಲದ ಆಯತಕ್ಕೆ ಇನ್ನೊಂದು ಹೆಸರು ಕೊಟ್ಟಿದ್ದಾನೆ. ಪರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಮಾರುವ ಅಂಗಡಿಯಲ್ಲಿಯೂ ಹಾಗೆಯೇ: 'ಆಯತದ್ದು ಕೊಡಿ' ಎಂದರೆ ಯಾರೂ ಚೌಕ ತಂದು ಮುಂದಿಡುವುದಿಲ್ಲ. ಪುಸ್ತಕದ ಮಾತು ಒಂದು, ಪೇಟೆಯ ಮಾತು ಇನ್ನೊಂದು; ಎರಡಕ್ಕೂ ಅವುಗಳ ಜಾಗವಿದೆ.

ಚೌಕ, ಚಚ್ಚೌಕ, ವರ್ಗ, ಚೌರಸ, ಮುರಬ್ಬಾ: ಇವೆಲ್ಲ ಒಂದೇ ಏನು?

ಆಕೃತಿ ಒಂದೇ, ಹೇಳುವ ನಾಲಗೆಗಳು ಬೇರೆ. ಪಠ್ಯಪುಸ್ತಕದಲ್ಲಿ ಈಗ ಚೌಕ ಅಥವಾ ವರ್ಗ. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದ್ದಕ್ಕೂ ವರ್ಗ ಎನ್ನುವುದರಿಂದ ಮಕ್ಕಳಿಗೆ ಆರಂಭದಲ್ಲಿ ಗೊಂದಲವಾಗುತ್ತದೆ. ಐದು ಅಡಿ ಬದಿಯ ಚೌಕ ಬರೆದು ಒಳಗಿನ ಇಪ್ಪತ್ತೈದು ಮನೆಗಳನ್ನು ಎಣಿಸಿದರೆ ಎರಡೂ ವರ್ಗಗಳು ಏಕೆ ಒಂದೇ ಎಂದು ತಿಳಿಯುತ್ತದೆ. ಚಚ್ಚೌಕ ನನಗೆ ಬಹಳ ಇಷ್ಟವಾದ ಪದ. ನಾಲ್ಕು ಮೂಲೆಯ ಯಾವುದನ್ನಾದರೂ ಚೌಕ ಎಂದು ಕರೆದುಬಿಡುವ ನಮ್ಮ ರೂಢಿಯ ನಡುವೆ, 'ಅಲ್ಲಪ್ಪ, ನಾಲ್ಕೂ ಕಡೆ ಸರಿಸಮ' ಎಂದು ಒತ್ತಿ ಹೇಳಲು ಹುಟ್ಟಿದಂತಿದೆ.

ಬೀದರ ಜಿಲ್ಲೆಯ ಮರಾಠಿ ಮಾತಿನ ಕಡೆ ಇದೇ ಆಕೃತಿ ಚೌರಸ. ಉರ್ದು ಮಾಧ್ಯಮದ ಶಾಲೆಗಳಲ್ಲಿ ಚೌಕ ಮುರಬ್ಬಾ, ಆಯತ ಮುಸ್ತತೀಲ್. ನೆಲ್ಲಿಕಾಯಿಯ ಮುರಬ್ಬಾಕ್ಕೂ ಇದಕ್ಕೂ ನಂಟಿಲ್ಲ. ಉರ್ದುವಿನಲ್ಲಿ ಎರಡರ ಬರಹವೇ ಬೇರೆ. ಇನ್ನು ರಸ್ತೆಗಳು ಕೂಡುವ ಕಡೆಯೂ ಚೌಕವೇ, ಅಲ್ಲಿ ವೃತ್ತ ಇದ್ದರೂ. ಬೀದರಿನ ಚೌಬಾರಾ ಹೆಸರಿನಲ್ಲಿ 'ನಾಲ್ಕು' ಹೊತ್ತುಕೊಂಡು ನಿಂತಿರುವ ದುಂಡನೆಯ ಗೋಪುರ. ಬೀದರಿನ ಹತ್ತಿರ ಅಷ್ಟೂರಿನಲ್ಲಿರುವ ಚೌಖಂಡಿ ಎಂಬ ಸಮಾಧಿಯ ಹೊರಗೋಡೆಗಳನ್ನು ಎಣಿಸಿದರೆ ನಾಲ್ಕಲ್ಲ, ಎಂಟು. ಹೆಸರು ನಂಬಿ ನಕ್ಷೆ ಬರೆಯಬಾರದು.

'ಆಯತ' ಎಂಬ ಪದ ಎಲ್ಲಿಂದ ಬಂತು?

ಸಂಸ್ಕೃತದಲ್ಲಿ ಆಯತ ಎಂದರೆ ಚಾಚಿದ್ದು, ನೀಳವಾದದ್ದು. ಪೂರ್ತಿ ಹೆಸರು ಆಯತ ಚತುರಶ್ರ, ಅಂದರೆ ನೀಳವಾದ ನಾಲ್ಕು ಮೂಲೆ. ಬಳಸಿ ಬಳಸಿ ಬಾಲ ಬಿದ್ದುಹೋಗಿದೆ. ಯಜ್ಞವೇದಿಗಳ ಅಳತೆ ಹೇಳುವ ಶುಲ್ಬಸೂತ್ರಗಳಲ್ಲಿ ಇದೇ ಆಕೃತಿ ದೀರ್ಘ ಚತುರಶ್ರ. ಬಸವಕಲ್ಯಾಣದ ಕಡೆ ವಚನ ಓದಿಕೊಂಡವರು ಆಯತ, ಸ್ವಾಯತ, ಸನ್ನಿಹಿತ ಎಂಬ ಸರಣಿಯನ್ನು ನೆನೆದು ಕೇಳುವುದುಂಟು. ಆ ಆಯತಕ್ಕೆ ಮೂಲೆಗಳಿಲ್ಲ. ಅದು ಲಿಂಗಸಂಬಂಧದ ಮಾತು.

ನಮ್ಮ ಭಾಗಕ್ಕೂ ರೇಖಾಗಣಿತಕ್ಕೂ ಹಳೆಯ ನಂಟು ಏನಾದರೂ ಇದೆಯೇ?

ಇದೆ, ಮತ್ತು ಅದನ್ನು ನಾವು ಮರೆತಿರುವ ಪರಿ ಕಂಡರೆ ಸಂಕಟವಾಗುತ್ತದೆ. ಸೇಡಂ ತಾಲ್ಲೂಕಿನ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ ಜೈನ ವಿದ್ವಾಂಸ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಆರಂಭದಲ್ಲಿಯೇ ಆ ಅರಸನನ್ನು ಹೊಗಳಿದ್ದಾನೆ. ಕ್ಷೇತ್ರಗಣಿತದ ಅಧ್ಯಾಯದಲ್ಲಿ ಚತುರ್ಭುಜಗಳನ್ನು ಐದು ಬಗೆಯಾಗಿ ವಿಂಗಡಿಸುತ್ತಾನೆ: ನಾಲ್ಕೂ ಬದಿ ಸಮ, ಎರಡೆರಡು ಸಮ, ಎರಡು ಸಮ, ಮೂರು ಸಮ, ಎಲ್ಲವೂ ವಿಷಮ. ಎರಡನೆಯದಕ್ಕೆ ಅವನ ಹೆಸರು ದ್ವಿದ್ವಿಸಮ. ಅದೇ ನಮ್ಮ ಆಯತ.

ಅವನ ಇನ್ನೊಂದು ಗುಣ ನನ್ನ ಕಸುಬಿಗೆ ಹತ್ತಿರ. ವಿಸ್ತೀರ್ಣಕ್ಕೆ ಎರಡು ಬಗೆಯ ಲೆಕ್ಕ ಕೊಡುತ್ತಾನೆ. ಒಂದು ವ್ಯಾವಹಾರಿಕ, ಕೆಲಸ ನಡೆಯಲು ಸಾಕಾಗುವ ಅಂದಾಜು. ಇನ್ನೊಂದು ಸೂಕ್ಷ್ಮ, ಕರಾರುವಾಕ್ಕಾದದ್ದು. ಹನ್ನೊಂದು ನೂರು ವರ್ಷಗಳ ನಂತರವೂ ಪ್ಲಾಟುಗಳ ವ್ಯಾಪಾರ ಆ ಮೊದಲನೆಯ ಲೆಕ್ಕದಲ್ಲಿಯೇ ನಡೆಯುತ್ತಿದೆ.

30×40 ಪ್ಲಾಟು ನಿಜಕ್ಕೂ ಆಯತವೇ ಎಂದು ಟೇಪು ಹಿಡಿದು ಹೇಗೆ ತಿಳಿಯುವುದು?

ನಾಲ್ಕು ಬದಿ ಅಳೆದು ಟೇಪು ಸುತ್ತಿಡಬೇಡಿ. ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆಯಿರಿ, ಎರಡೂ ಕಡೆ. ಈ ಓರೆ ಗೆರೆಗಳ ಹೆಸರು ಕರ್ಣ. 30 ಮತ್ತು 40ರ ಪ್ಲಾಟಿಗೆ ಕರ್ಣ ಸರಿಯಾಗಿ 50 ಅಡಿ ಬರಬೇಕು. ಗೌಂಡಿಗಳು ಪಾಯದ ಮೂಲೆ ಹಿಡಿಯಲು ದಾರದಲ್ಲಿ ಮೂರು, ನಾಲ್ಕು, ಐದು ಅಳೆಯುತ್ತಾರಲ್ಲ, ಅದರ ಹತ್ತು ಪಟ್ಟು ಇದು. ಅಷ್ಟು ಹದವಾದ ಅಳತೆ ಬೇರೆ ಪ್ಲಾಟುಗಳಿಗಿಲ್ಲ: 20×30ಕ್ಕೆ 36 ಅಡಿಯ ಮೇಲೆ ಮುಕ್ಕಾಲು ಇಂಚಿಗೆ ಸ್ವಲ್ಪ ಕಡಿಮೆ, 40×60ಕ್ಕೆ 72 ಅಡಿ ಒಂದೂಕಾಲು ಇಂಚಿನ ಆಸುಪಾಸು.

ಎರಡು ಕರ್ಣಗಳು ಒಂದಕ್ಕೊಂದು ಸಮ ಎಂದಷ್ಟೇ ನೋಡಿ ಬಿಡುವುದೂ ತಪ್ಪು. ಮುಂದೆ ಕಿರಿದು, ಹಿಂದೆ ಅಗಲ, ಎರಡು ಪಕ್ಕಗಳು ಒಂದೇ ಅಳತೆ ಇರುವ ತ್ರಾಪಿಜ್ಯದಲ್ಲಿಯೂ ಕರ್ಣಗಳು ಸಮವೇ. ಎದುರುಬದುರು ಬದಿಗಳೂ ಸಮ, ಕರ್ಣಗಳೂ ಸಮ: ಎರಡೂ ಕೂಡಿದರೆ ಮಾತ್ರ ಆಯತ. ಸಣ್ಣ ಕೆಲಸಕ್ಕೆ ಮೂಲೆಮಟ್ಟ ಸಾಕು. ಗೌಂಡಿಗಳು ಗುನ್ಯಾ ಎನ್ನುವುದು ಅದನ್ನೇ. ಆದರೆ ಒಂದೂವರೆ ಅಡಿಯ ಗುನ್ಯಾ ಇಟ್ಟು ನಲವತ್ತು ಅಡಿಯ ಗೋಡೆಗೆ ಗೆರೆ ಹಿಡಿದರೆ ಕೊನೆಯಲ್ಲಿ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಯಾರೂ ಹೇಳಲಾರರು.

ನಾಲ್ಕು ಬದಿಗಳೂ ಬೇರೆ ಬೇರೆ ಇವೆ. ವಿಸ್ತೀರ್ಣ ತೆಗೆಯಲು ಸರಾಸರಿ ಹಿಡಿಯುತ್ತಾರಲ್ಲ, ಅದು ಸರಿಯೇ?

ಮಾರುವವರಿಗೆ ಬಹಳ ಸರಿ. ಎದುರುಬದುರು ಬದಿಗಳ ಸರಾಸರಿ ತೆಗೆದು ಎರಡು ಸರಾಸರಿಗಳನ್ನು ಗುಣಿಸುವುದು ಮಹಾವೀರಾಚಾರ್ಯ ವ್ಯಾವಹಾರಿಕ ಎಂದು ಕರೆದ ಲೆಕ್ಕ. ಅದಕ್ಕೆ ಒಂದು ವಿಚಿತ್ರ ಸ್ವಭಾವವಿದೆ: ತಪ್ಪಿದರೆ ಯಾವಾಗಲೂ ಹೆಚ್ಚಿಗೆಯೇ ತಪ್ಪುತ್ತದೆ, ಕಡಿಮೆ ಎಂದೂ ಬರುವುದಿಲ್ಲ. ಸರಿಯಾದ ಉತ್ತರ ಕೊಡುವುದು ಆಯತಕ್ಕೆ ಮಾತ್ರ. ಕಾರಣ ಸರಳ: ಎರಡು ಬದಿಗಳ ನಡುವೆ ಸಿಗಬಹುದಾದ ಅತಿ ಹೆಚ್ಚಿನ ಜಾಗ ಮೂಲೆ ಲಂಬವಾಗಿದ್ದಾಗ ಸಿಗುತ್ತದೆ, ಈ ಲೆಕ್ಕವೋ ಎಲ್ಲ ಮೂಲೆಗಳೂ ಲಂಬವೆಂದು ಮೊದಲೇ ಒಪ್ಪಿಕೊಂಡು ಹೊರಡುತ್ತದೆ.

ಒಂದು ಉದಾಹರಣೆ ನೋಡೋಣ. ಮುಂಭಾಗ 30 ಅಡಿ, ಹಿಂಭಾಗ 36, ಬಲಪಕ್ಕ 40, ಎಡಪಕ್ಕ 42. ಸರಾಸರಿಯ ಲೆಕ್ಕದಲ್ಲಿ 33 ಗುಣಿಸು 41, ಅಂದರೆ 1353 ಚದರ ಅಡಿ. ಈಗ ಮುಂದಿನ ಎಡಮೂಲೆಯಿಂದ ಹಿಂದಿನ ಬಲಮೂಲೆಗೆ ಟೇಪು ಹಿಡಿಯಿರಿ. 48 ಅಡಿ ಬಂತು ಎನ್ನಿ. ಪ್ಲಾಟು ಎರಡು ತ್ರಿಕೋನವಾಯಿತು. ಮೊದಲನೆಯದರ ಬದಿಗಳು 30, 40, 48. ಮೂರನ್ನೂ ಕೂಡಿಸಿ ಅರ್ಧ ಮಾಡಿದರೆ 59. ಅದರಿಂದ ಒಂದೊಂದು ಬದಿಯನ್ನು ಕಳೆದರೆ 29, 19, 11. ಈ ನಾಲ್ಕನ್ನೂ ಗುಣಿಸಿ ವರ್ಗಮೂಲ ತೆಗೆದರೆ 598. ಹೀರೋನ್ ಎಂಬ ಗ್ರೀಕನ ಹೆಸರಿನ ಸೂತ್ರ ಇದು. ಮೊಬೈಲಿನ ಕ್ಯಾಲ್ಕ್ಯುಲೇಟರ್ ಸಾಕು. ಎರಡನೆಯ ತ್ರಿಕೋನ 36, 42, 48. ಅದೇ ರೀತಿ ಮಾಡಿದರೆ 732. ಎರಡೂ ಕೂಡಿ 1330. ಇಪ್ಪತ್ತಮೂರು ಚದರ ಅಡಿ ನೆಲವೇ ಇಲ್ಲ, ಅದಕ್ಕೂ ಹಣ ಕೇಳುತ್ತಿದ್ದಾರೆ. ಕರ್ಣವನ್ನು ಅಳೆಯಲು ಬಿಡದ ಮಾರಾಟಗಾರನ ಬಳಿ ಚಹಾ ಕುಡಿದು ಎದ್ದು ಬನ್ನಿ.

ಗೋಮುಖ, ಸಿಂಹಮುಖ ಎನ್ನುವುದು ಯಾವ ಆಕೃತಿ?

ಎರಡೂ ಸಾಮಾನ್ಯವಾಗಿ ತ್ರಾಪಿಜ್ಯಗಳೇ. ಮುಂದೆ ಕಿರಿದು ಹಿಂದೆ ಅಗಲವಾದದ್ದು ಗೋಮುಖ, ಮುಂದೆ ಅಗಲ ಹಿಂದೆ ಕಿರಿದು ಸಿಂಹಮುಖ. ವಾಸ್ತು ಹೇಳುವವರು ಒಂದನ್ನು ಮನೆಗೆ, ಇನ್ನೊಂದನ್ನು ಅಂಗಡಿಗೆ ಶುಭ ಎನ್ನುತ್ತಾರೆ. ಶುಭಾಶುಭ ನನ್ನ ಇಲಾಖೆಯಲ್ಲ. ನಾರಾಯಣಪುರ ಎಡದಂಡೆ ಕಾಲುವೆಯನ್ನು ಯಾದಗಿರಿ ಜಿಲ್ಲೆಯಲ್ಲಿ ನೋಡಿದವರು ಅದೇ ಆಕೃತಿಯನ್ನು ಅಡ್ಡ ಕೊಯ್ತದಲ್ಲಿ ಕಂಡಿರುತ್ತಾರೆ: ತಳ ಕಿರಿದು, ಮೇಲೆ ಅಗಲ.

ಗುಂಟೆ, ಎಕರೆಗಳಿಗೂ ಈ ಆಕೃತಿಗಳಿಗೂ ಏನು ಸಂಬಂಧ?

ಗುಂಟೆ ಹುಟ್ಟಿನಿಂದ ಚೌಕ: 33 ಅಡಿ ಉದ್ದ, 33 ಅಡಿ ಅಗಲ, 1089 ಚದರ ಅಡಿ. ಎಕರೆ ಹುಟ್ಟಿನಿಂದ ಆಯತ: ಭೂಮಾಪನದ ಸರಪಳಿ 66 ಅಡಿ, ಒಂದು ಸರಪಳಿ ಅಗಲ, ಹತ್ತು ಸರಪಳಿ ಉದ್ದ, ಅಂದರೆ 66×660, ಒಟ್ಟು 43,560 ಚದರ ಅಡಿ. ಹಾಗೆಂದು ನಿಮ್ಮ ಎಕರೆ ಆ ಆಕಾರದಲ್ಲಿ ಇರಬೇಕಾಗಿಲ್ಲ. ಹಳ್ಳದ ದಂಡೆಯ ಹೊಲ ಹೇಗೆ ಬೇಕಾದರೂ ಬಾಗಿರಲಿ, ನಲವತ್ತು ಗುಂಟೆಯಷ್ಟು ನೆಲ ಇದ್ದರೆ ಎಕರೆ.

ಅಳತೆ ಹೇಳುವಾಗ ಉದ್ದ ಮೊದಲೋ, ಅಗಲ ಮೊದಲೋ?

ಜಗಳ ಹುಟ್ಟುವುದು ಇಲ್ಲಿಯೇ. ಪ್ಲಾಟಿನಲ್ಲಿ ರಸ್ತೆಯ ಕಡೆಯ ಮುಖ ಮೊದಲು ಹೇಳುವುದು ರೂಢಿ, ಆದರೆ ರೂಢಿಯನ್ನು ನಂಬಿ ಕೂರಬೇಡಿ. ಖರೀದಿ ಪತ್ರದ ಚೆಕ್ಕುಬಂದಿಯಲ್ಲಿ ಪೂರ್ವ-ಪಶ್ಚಿಮ ಎಷ್ಟು, ಉತ್ತರ-ದಕ್ಷಿಣ ಎಷ್ಟು ಎಂದು ಬರೆದಿರುವುದೇ ಮಾತು. ಮುದ್ರಣ ಮತ್ತು ವಿನ್ಯಾಸದಲ್ಲಿ ಅಗಲ ಮೊದಲು, ಎತ್ತರ ಆಮೇಲೆ. ಗಣಿತದ ಮಾತೃಕೆಯಲ್ಲಿ, ಅಂದರೆ ಸಾಲುಸಾಲಾಗಿ ಜೋಡಿಸಿದ ಅಂಕಿಗಳ ಚೌಕಟ್ಟಿನಲ್ಲಿ, ಇದಕ್ಕೆ ತಿರುಗುಮುರುಗು: ಅಡ್ಡಸಾಲುಗಳ ಲೆಕ್ಕ ಮೊದಲು. ಒಮ್ಮೆ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆಂದು ಪರಿಚಯದವರೊಬ್ಬರು 6×4ರ ಫ್ಲೆಕ್ಸ್ ಹೇಳಿಕಳಿಸಿದರು. ಅಡ್ಡಡ್ಡ ಬರಬೇಕಾದದ್ದು ನಿಂತುಕೊಂಡು ಬಂತು. ಗಣ್ಯರೆಲ್ಲ ಕಂಬಕ್ಕೆ ಒರಗಿದಂತೆ ತೆಳ್ಳಗಾಗಿದ್ದರು. ಅಂದಿನಿಂದ ನಾನು ಅಂಕಿ ಹೇಳುವುದಿಲ್ಲ, ಚೀಟಿಯ ಮೇಲೆ ಡಬ್ಬಿ ಬರೆದು ಬದಿಗಳಲ್ಲಿ ಅಳತೆ ಹಾಕಿ ಕೊಡುತ್ತೇನೆ.

ಅದೇ ದಿನ ಹಾರುವ ರಾಷ್ಟ್ರಧ್ವಜಕ್ಕೆ ಇಂಥ ಗೊಂದಲವಿಲ್ಲ: ಉದ್ದ ಮತ್ತು ಎತ್ತರದ ಪ್ರಮಾಣ 3:2 ಎಂದು ಧ್ವಜ ಸಂಹಿತೆಯಲ್ಲಿಯೇ ಇದೆ. ಒಂದೊಂದು ಬಣ್ಣದ ಪಟ್ಟಿಯೂ ಆಯತವೇ. ಅದರ ಪ್ರಮಾಣ ಎಷ್ಟೆಂದು ಮಕ್ಕಳನ್ನು ಕೇಳಿ ನೋಡಿ. 9:2 ಎಂದು ಹೇಳಿದವರಿಗೆ ಪೇಡೆ ಕೊಡಬಹುದು.

ಬಹಮನಿ ಕಟ್ಟಡಗಳೆಲ್ಲ ಸುವರ್ಣ ಆಯತದಲ್ಲಿ ಇವೆ ಎನ್ನುತ್ತಾರೆ. ನಿಜವೇ?

ಸುವರ್ಣ ಆಯತದಲ್ಲಿ ಉದ್ದವು ಅಗಲದ ಸುಮಾರು 1.618 ಪಟ್ಟು. ಅದರಿಂದ ಒಂದು ಚೌಕ ಕತ್ತರಿಸಿ ತೆಗೆದರೆ ಉಳಿಯುವ ಚೂರು ಮತ್ತೆ ಅದೇ ಪ್ರಮಾಣದ ಆಯತ. ಗಣಿತವಾಗಿ ಸೊಗಸಾದದ್ದು, ಅನುಮಾನವಿಲ್ಲ. ಆದರೆ ಸುಂದರವಾದದ್ದೆಲ್ಲ ಅದರಲ್ಲಿಯೇ ಇದೆ ಎಂಬುದು ಬರಿಯ ಪ್ರಚಾರ.

ಅಳತೆಗಳನ್ನೇ ಹಿಡಿಯೋಣ. ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿ, 1367ರದ್ದು, 216 ಅಡಿ ಉದ್ದ, 176 ಅಡಿ ಅಗಲ. ತೆರೆದ ಅಂಗಳವೇ ಇಲ್ಲದೆ 38,016 ಚದರ ಅಡಿಯನ್ನೂ ಚಾವಣಿಯೇ ಮುಚ್ಚಿದೆ. ಪ್ರಮಾಣ 1.23. ಬೀದರಿನಲ್ಲಿ 1472ರಲ್ಲಿ ಮುಗಿದ ಮಹಮೂದ್ ಗವಾನ್ ಮದರಸಾ 205×180, ಪ್ರಮಾಣ 1.14, ಒಳಗಿನ ಅಂಗಳ ಸುಮಾರು ನೂರು ಅಡಿಯ ಚೌಕ. ಕಲಬುರಗಿಯ ಹಫ್ತ್ ಗುಂಬಜಿನ ಸಮಾಧಿಗಳು ಬಹುಪಾಲು ಚೌಕಗಳು. ಫಿರೋಜ್ ಶಹಾನದು ಎರಡು ಚೌಕ ಕೋಣೆಗಳನ್ನು ಪಕ್ಕಪಕ್ಕ ಇಟ್ಟು ಒಂದೊಂದರ ಮೇಲೆ ಒಂದೊಂದು ಗುಮ್ಮಟ ಕೂರಿಸಿದ ಜೋಡಿ. ಸುವರ್ಣ ಪ್ರಮಾಣ ಎಲ್ಲಿಯೂ ಇಲ್ಲ. ಗುಮ್ಮಟ ಕೂರಿಸುವವನಿಗೆ ಚೌಕ ಬೇಕು, ಏಕೆಂದರೆ ದುಂಡಾದದ್ದು ಚೌಕದ ಮೇಲೆ ನಾಲ್ಕೂ ಕಡೆ ಸರಿಯಾಗಿ ಕೂರುತ್ತದೆ. ಈ ಕಟ್ಟಡಗಳ ಅಂದವನ್ನು ಅಲ್ಲಿಂದ ಹುಡುಕಬೇಕು.

ಶಹಾಬಾದ್ ಪರಸಿ ಹಾಕಿಸಿದೆ. ಕೋಣೆಯ ಕೊನೆಯಲ್ಲಿ ಸಂದುಗಳು ಓರೆಯಾಗಿವೆ, ಏಕೆ?

ಪರಸಿಯ ಮೂಲೆ ಲಂಬವಾಗಿಲ್ಲ, ಅಥವಾ ನಿಮ್ಮ ಕೋಣೆಯ ಮೂಲೆ ಲಂಬವಾಗಿಲ್ಲ. ಬಹಳ ಸಲ ಎರಡೂ. ಶಹಾಬಾದ್ ಕಲ್ಲು ಪದರಪದರವಾದ ಸುಣ್ಣಕಲ್ಲು. ಪದರ ಎದ್ದು ಬರುವುದರಿಂದ ಮೇಲ್ಮೈ, ತಳ ಎರಡೂ ಹುಟ್ಟಾ ಮಟ್ಟವಾಗಿ ಸಿಗುತ್ತವೆ, ಆದರೆ ಅಂಚು ಮತ್ತು ಮೂಲೆಗಳನ್ನು ಕತ್ತರಿಸುವವನೇ ಕೊಡಬೇಕು. ಎರಡಡಿಯ ಒಂದು ಕಲ್ಲಿನಲ್ಲಿ ಒಂದು ಇಂಚಿನ ಎಂಟನೆಯ ಒಂದು ಭಾಗ ಓರೆಯಿದ್ದು, ಎಲ್ಲ ಕಲ್ಲುಗಳೂ ಒಂದೇ ಕಡೆಗೆ ಓರೆಯಾಗಿದ್ದರೆ, ಮೂವತ್ತು ಅಡಿಯ ಪಡಸಾಲೆ ದಾಟುವಷ್ಟರಲ್ಲಿ ಹದಿನೈದು ಕಲ್ಲುಗಳು ಸೇರಿ ಎರಡು ಇಂಚಿನ ಹತ್ತಿರ ಹೋಗುತ್ತದೆ.

ಯಾವುದೇ ಚತುರ್ಭುಜವನ್ನು, ಎಷ್ಟೇ ಸೊಟ್ಟಗಿದ್ದರೂ, ಒಂದೇ ಅಳತೆಯ ಸಾಕಷ್ಟು ತುಂಡುಗಳಿದ್ದರೆ ಸಂದಿಲ್ಲದೆ ನೆಲಕ್ಕೆ ಹಾಸಬಹುದು. ಇದು ಗಣಿತದ ಸತ್ಯ, ಮಕ್ಕಳು ರಟ್ಟು ಕತ್ತರಿಸಿ ನೋಡಬಹುದು. ಆದರೆ ಸಂದುಗಳೆಲ್ಲ ಎರಡೂ ದಿಕ್ಕಿನಲ್ಲಿ ನೇರ ಗೆರೆಯಾಗಿ ಓಡಿ ಗೋಡೆಗೆ ನೆಟ್ಟಗೆ ತಾಗುವುದು ಆಯತದಲ್ಲಿ ಮಾತ್ರ. ಕೆಲಸ ಆರಂಭಿಸುವ ಮೊದಲು ಕೋಣೆಯ ಕರ್ಣಗಳನ್ನು ಅಳೆಸಿ, ಓರೆಯನ್ನು ಮಂಚದ ಅಡಿಗೆ ಹೋಗುವ ಗೋಡೆಯ ಕಡೆ ತಳ್ಳಿಸಿ. ಬಾಗಿಲಲ್ಲಿ ನಿಂತವರಿಗೆ ಕಾಣದಿದ್ದರೆ ಸಾಕು.

ಎ4 ಹಾಳೆಯ ಅಳತೆ 210×297 ಮಿಲಿಮೀಟರ್ ಎಂದು ಏಕೆ ಹೀಗೆ ಅರೆಬರೆಯಾಗಿದೆ?

ಅಂಕಿ ಅರೆಬರೆ, ಯೋಚನೆ ಅಚ್ಚುಕಟ್ಟು. ಅಲ್ಲಿ ಉದ್ದವು ಅಗಲದ 1.414 ಪಟ್ಟು, ಅಂದರೆ ಎರಡರ ವರ್ಗಮೂಲ. ಈ ಪ್ರಮಾಣದ ಹಾಳೆಯನ್ನು ನಡುವೆ ಮಡಿಸಿದರೆ ಅರ್ಧ ಹಾಳೆಯೂ ಅದೇ ಪ್ರಮಾಣದಲ್ಲಿ ಇರುತ್ತದೆ. ಬೇರೆ ಯಾವ ಆಯತಕ್ಕೂ ಈ ಗುಣವಿಲ್ಲ. ಒಂದು ಚದರ ಮೀಟರಿನ ಎ0 ಹಾಳೆಯನ್ನು ನಾಲ್ಕು ಸಲ ಅರ್ಧ ಮಾಡಿದರೆ ಎ4. ಜರ್ಮನಿಯಲ್ಲಿ 1922ರಲ್ಲಿ ಇದನ್ನು ಪ್ರಮಾಣವಾಗಿ ಮಾಡಿಕೊಂಡರು. ಎ3 ನಕ್ಷೆಯನ್ನು ಝೆರಾಕ್ಸಿನಲ್ಲಿ 71 ಪ್ರತಿಶತಕ್ಕೆ ಇಳಿಸಿದರೆ ಎ4ರಲ್ಲಿ ಅಂಚು ಕತ್ತರಿಸದೆ ಕೂರುವುದು ಇದರಿಂದಲೇ. ಲೀಗಲ್ ಹಾಳೆ, ಎಂಟೂವರೆಗೆ ಹದಿನಾಲ್ಕು ಇಂಚು, ಮಡಿಸಿದರೆ ಬೇರೆಯೇ ಆಕಾರವಾಗುತ್ತದೆ.

32 ಇಂಚಿನ ಟಿವಿ ಎಂದರೆ ಯಾವ 32?

ಕರ್ಣ. 16:9 ಪರದೆಯಾದರೆ ಅಗಲ ಸುಮಾರು 27.9 ಇಂಚು, ಎತ್ತರ 15.7. ಹಳೆಯ 4:3 ಟಿವಿಯೂ 32 ಇಂಚಿನದಾಗಿದ್ದರೆ ಅದರ ಪರದೆಯ ವಿಸ್ತೀರ್ಣವೇ ಹೆಚ್ಚು. ಕರ್ಣ ಒಂದೇ ಇದ್ದಾಗ ಆಯತ ಚೌಕದ ಹತ್ತಿರ ಬಂದಷ್ಟೂ ಒಳಗಿನ ಜಾಗ ಬೆಳೆಯುತ್ತದೆ. ಗೋಡೆಯ ಗೂಡಿನ ಅಳತೆ ಬರೆಸಲು ಬರುವವರು ಬರಿಯ ಇಂಚು ಹೇಳದೆ ಅಗಲ, ಎತ್ತರ ಅಳೆದುಕೊಂಡು ಬನ್ನಿ.

ಇಟ್ಟಿಗೆಯನ್ನು ಆಯತ ಎನ್ನಬಹುದೇ?

ಇಲ್ಲ. ಅದು ಆಯತಘನ, ಅದರ ಆರು ಮುಖಗಳು ಆಯತಗಳು. ಹನ್ನೆರಡು ಅಂಚು, ಎಂಟು ಶೃಂಗ.

ಮೂಲೆ ದುಂಡಗೆ ಮಾಡಿದ ಮೇಲೂ ಅದು ಆಯತವೇ? ಮೊಬೈಲ್, ಎಟಿಎಂ ಕಾರ್ಡ್, ಬಿದ್ರಿ ಡಬ್ಬಿಯ ಮುಚ್ಚಳ?

ಗಣಿತದ ಕಟ್ಟುನಿಟ್ಟಿನಲ್ಲಿ ಅಲ್ಲ, ಲಂಬಕೋನವೇ ಮಾಯವಾಗಿದೆ. ವಿನ್ಯಾಸ ಮಾಡುವವರು ದುಂಡು ಮೂಲೆಯ ಆಯತ ಎಂದು ಕರೆದು ಮುಂದೆ ಹೋಗುತ್ತಾರೆ, ಮೂಲೆಯ ದುಂಡಿಗೆ ತ್ರಿಜ್ಯ ಎಷ್ಟೆಂದು ಬೇರೆಯಾಗಿ ಬರೆಯುತ್ತಾರೆ.

ನನ್ನ ಪ್ಲಾಟಿನ ಬದಿಗಳು 30, 40 ಸರಿಯಾಗಿವೆ. ಕರ್ಣ ಅಳೆದರೆ ಒಂದು 54 ಅಡಿ, ಇನ್ನೊಂದು 45 ಅಡಿ 8 ಇಂಚು. ಈಗ ಏನು ಮಾಡಲಿ?

ನನಗೂ ಇದೇ ಆಗಿತ್ತು, ಹೆಚ್ಚು ಕಡಿಮೆ ಇದೇ ಅಳತೆಯಲ್ಲಿ. ನಕ್ಷೆ ಬರೆಯುವವನೇ ಕರ್ಣ ಅಳೆಯದೆ ಮುಂಗಡ ಕೊಟ್ಟೆ. ಬದಿಗಳು ಸರಿ ಇದ್ದವಲ್ಲ ಎಂಬ ಧೈರ್ಯ. ನಿಮ್ಮ ಪ್ಲಾಟು ಮೂಲೆ 80 ಡಿಗ್ರಿಗೆ ವಾಲಿದ ಸಮಾಂತರ ಚತುರ್ಭುಜ. ನಿಜವಾದ ವಿಸ್ತೀರ್ಣ 1200 ಅಲ್ಲ, ಸುಮಾರು 1182 ಚದರ ಅಡಿ. ಹದಿನೆಂಟು ಅಡಿ ಹೋದದ್ದು ದೊಡ್ಡದಲ್ಲ, ಒಳಗೆ ಆಯತದ ಮನೆ ಕೂರಿಸುವಾಗ ಆಗುವ ನಷ್ಟ ದೊಡ್ಡದು. ಮನೆಯನ್ನು ರಸ್ತೆಗೆ ನೇರವಾಗಿ ಇಟ್ಟರೆ ಸಿಗುವ ಆಯತ ಸುಮಾರು 23 ಅಡಿಗೆ 39 ಅಡಿ 5 ಇಂಚು, 908 ಚದರ ಅಡಿ. ಉದ್ದನೆಯ ಪಕ್ಕದ ಗಡಿಗೆ ನೇರವಾಗಿ ಇಟ್ಟರೆ 29 ಅಡಿ ಆರೂವರೆ ಇಂಚಿಗೆ 34 ಅಡಿ 9 ಇಂಚು, 1027ರ ಹತ್ತಿರ. ನಿಯಮದ ಪ್ರಕಾರ ಸುತ್ತಲೂ ಬಿಡಬೇಕಾದ ಜಾಗವನ್ನು ಎರಡರಲ್ಲಿಯೂ ಕಳೆಯಬೇಕು, ಆದರೂ ಎರಡನೆಯದೇ ಲಾಭ.

ನಾನು ಎರಡನೆಯದನ್ನೇ ಮಾಡಿದೆ. ಮನೆ ರಸ್ತೆಗೆ ಹತ್ತು ಡಿಗ್ರಿ ಓರೆಯಾಗಿ ನಿಂತಿದೆ, ಯಾರೊಂದಿಗೋ ಮುನಿಸಿಕೊಂಡು ಮುಖ ತಿರುಗಿಸಿದ ಹಾಗೆ. ಮುಂದೆ ಉಳಿದ ತ್ರಿಕೋನದಲ್ಲಿ ಕರಿಬೇವು ಹಾಕಿದ್ದೇವೆ. ಓಣಿಯವರೆಲ್ಲ ಅಲ್ಲಿಂದಲೇ ಕಿತ್ತುಕೊಂಡು ಹೋಗುತ್ತಾರೆ.